ಉಸಿರಿನ ಕಥೆ, ಕಿವಿಯ ಸಾಕ್ಷ್ಯ: ಕುಮಾರ ಗಂಧರ್ವರ ಗಾಯನದ ಬಗೆಗಿನ ಒಂದು ರೂಢ ವಿವರಣೆಯ ಮರುಪರೀಕ್ಷೆ

ಕುಮಾರ ಗಂಧರ್ವರ ಜನ್ಮಶತಮಾನೋತ್ಸವದ ಹೊತ್ತಿನಲ್ಲಿ ಬಂದ ಬರಹಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸಿಕೊಂಡಿತು: ಕ್ಷಯರೋಗದಿಂದ ಒಂದು ಶ್ವಾಸಕೋಶ ಕೈಕೊಟ್ಟಿತು, ದೀರ್ಘವಾಗಿ ಹಾಡಲು ಉಸಿರು ಸಾಲಲಿಲ್ಲ, ಆದ್ದರಿಂದಲೇ ಅವರು ಸ್ವರಗಳನ್ನು ತುಂಡು ತುಂಡಾಗಿ ಎಸೆಯುವ ಶೈಲಿಯೊಂದನ್ನು ಕಂಡುಕೊಂಡರು. ಅಭಿಮಾನಿಗಳು ಇದನ್ನು ಮೆಚ್ಚುಗೆಯಿಂದ ಹೇಳುತ್ತಾರೆ, ಒಪ್ಪದವರು ರಿಯಾಯಿತಿಯಾಗಿ ಹೇಳುತ್ತಾರೆ. ಎರಡು ಬಣಗಳೂ ಒಪ್ಪಿಕೊಂಡ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ. ಈ ವಿವರಣೆ ಅರ್ಧ ಸತ್ಯ. ಕುಮಾರರ ಸಂಗೀತ ತಿಳಿಯಲು ಬೇಕಾದದ್ದು ಉಳಿದ ಅರ್ಧ ಎಂಬುದು ನನ್ನ ವಾದ.

ಕೇಳುಗರ ಒಡಕಿನಿಂದ ಆರಂಭಿಸೋಣ. ನಮ್ಮ ಬೀದರ್-ಕಲಬುರಗಿ ಸೀಮೆಯ ಹಿರಿಯ ರಸಿಕರಲ್ಲಿ ಬಹುಮಂದಿಯ ಕಿವಿ ಪಳಗಿದ್ದು ಭೀಮಸೇನ ಜೋಶಿಯವರ ಕಿರಾನಾ ಗಾಯನದಲ್ಲಿ. ವಿಲಂಬಿತದಲ್ಲಿ ಒಂದೊಂದೇ ಸ್ವರವನ್ನು ಬಿಡಿಸುತ್ತ, ಮಂದ್ರದಿಂದ ತಾರಕ್ಕೆ ನಿಧಾನವಾಗಿ ಏರುವ ಬಢತ್ ಅವರಿಗೆ ಖಯಾಲಿನ ಸಹಜ ದಾರಿ. ಅಂಥವರಿಗೆ ಕುಮಾರರು ರಾಗದ ನಡುವಿಗೇ ನೇರವಾಗಿ ನುಗ್ಗಿ, ಒಂದು ಸ್ವರವನ್ನು ಜೋರಾಗಿ ತಾಗಿಸಿ, ತಟ್ಟನೆ ನಿಂತುಬಿಡುವುದು ಕಸಿವಿಸಿ ಉಂಟುಮಾಡುತ್ತದೆ. ಅದೇ ಮೈಫಿಲಿನಲ್ಲಿ ಪಕ್ಕದಲ್ಲಿ ಕೂತ ಇನ್ನೊಬ್ಬರಿಗೆ ಆ ನಿಲುಗಡೆಯೇ ರಾಗದ ದರ್ಶನ. ಮರಾಠಿಯಲ್ಲಿ ಪು. ಲ. ದೇಶಪಾಂಡೆ, ಹಿಂದಿಯಲ್ಲಿ ಅಶೋಕ್ ವಾಜಪೇಯಿ ಇಂಥ ಅನುರಾಗಿಗಳ ಸಾಲಿನಲ್ಲಿದ್ದವರು. ಒಬ್ಬ ಗಾಯಕನ ಬಗ್ಗೆ ಇಷ್ಟು ತೀವ್ರವಾದ ಎರಡು ಅಭಿಪ್ರಾಯಗಳು ಬಾಳಿದ್ದು ಅಪರೂಪ. ಉಸಿರಿನ ಕಥೆ ಈ ಎರಡರ ನಡುವೆ ರಾಜಿ ಮಾಡಿಸಲು ಬಂದದ್ದು. ಹಾಗಾಗಿಯೇ ಅದು ಇಷ್ಟು ಜನಪ್ರಿಯ.

ಈಗ ಸಾಕ್ಷ್ಯಗಳು. ಮೊದಲನೆಯದು, ಬಾಲ ಕುಮಾರರ 78 ಆರ್‌ಪಿಎಂ ತಟ್ಟೆಗಳು. ‘ರೋಗದ ಮುಂಚೆ ನೋಡಿ, ಎಷ್ಟು ಅಖಂಡವಾಗಿ ಹಾಡುತ್ತಿದ್ದ ಹುಡುಗ’ ಎಂದು ಇವನ್ನು ಮುಂದೊಡ್ಡುವುದು ವಾಡಿಕೆ. ಈ ತರ್ಕ ನಿಲ್ಲುವುದಿಲ್ಲ. ಆ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಮೂರು ನಿಮಿಷದಲ್ಲಿ ಯಾವ ಗಾಯಕನೂ ಮೌನಕ್ಕೆ ಜಾಗ ಕೊಡಲಾರ. ಅಂದಿನ ಘಟಾನುಘಟಿಗಳೆಲ್ಲ ತಟ್ಟೆಯಲ್ಲಿ ಒತ್ತೊತ್ತಾಗಿಯೇ ಹಾಡಿದ್ದಾರೆ. ಮೇಲಾಗಿ ಆ ಬಾಲಕ ಹೆಸರಾದದ್ದೇ ಅಬ್ದುಲ್ ಕರೀಂ ಖಾನ್, ಫಯ್ಯಾಜ್ ಖಾನ್, ರಾಮಕೃಷ್ಣಬುವಾ ವಝೆ ಮೊದಲಾದವರ ಧಾಟಿಗಳನ್ನು ಯಥಾವತ್ತಾಗಿ ಹಾಡಿ ತೋರಿಸುವುದರಿಂದ. ಮಠಾಧೀಶರೊಬ್ಬರು ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠನಿಗೆ ‘ಕುಮಾರ ಗಂಧರ್ವ’ ಎಂಬ ಬಿರುದು ಕೊಟ್ಟದ್ದು ಆ ಸೋಜಿಗಕ್ಕೆ. ಹಾಗಾಗಿ ಆ ಧ್ವನಿಮುದ್ರಣಗಳಲ್ಲಿ ನಾವು ಕೇಳುವುದು ಕುಮಾರರ ಸ್ವಂತ ಶೈಲಿಯನ್ನಲ್ಲ. ಅವು ಸಾಬೀತುಪಡಿಸುವುದು ಒಂದನ್ನೇ: ಯಾರ ಹಾಡಿಕೆಯನ್ನಾದರೂ ಮೈಗೂಡಿಸಿಕೊಳ್ಳಬಲ್ಲ ಗಂಟಲು ಅವರಿಗಿತ್ತು. ಯಾವ ದಾರಿಯಲ್ಲಾದರೂ ನಡೆಯಬಲ್ಲವನು ಒಂದು ದಾರಿ ಹಿಡಿದರೆ, ಅದು ಆಯ್ಕೆಯೇ ಎಂದು ಮೊದಲು ಊಹಿಸಬೇಕು.

ಎರಡನೆಯ ಸಾಕ್ಷ್ಯ, ಗುಣವಾದ ಮೇಲಿನ ಗಾಯನ. 1947ರಲ್ಲಿ ರೋಗ ಬಡಿಯಿತು. 1948ರ ಆರಂಭದಲ್ಲಿ ಒಣಹವೆಗಾಗಿ ಮಾಳವದ ದೇವಾಸ್‌ಗೆ ಹೋದರು. ಹಾಡುವುದಿರಲಿ, ಜೋರಾಗಿ ಮಾತಾಡುವುದೂ ಬೇಡವೆಂಬ ವೈದ್ಯರ ಕಟ್ಟಪ್ಪಣೆ. 1950ರ ದಶಕದ ಮೊದಲ ವರ್ಷಗಳಲ್ಲಿ ಕ್ಷಯಕ್ಕೆ ಹೊಸ ಔಷಧಿ ದೊರೆತ ಮೇಲೆ ಮತ್ತೆ ವೇದಿಕೆಗೆ ಬಂದರು. ಆಮೇಲಿನ ಧ್ವನಿಮುದ್ರಣಗಳನ್ನು ಉಸಿರಿನ ಸಿದ್ಧಾಂತದವರು ಪೂರ್ತಿ ಕೇಳಿದ್ದರೆ ಎರಡು ಸಂಗತಿಗಳು ಅವರನ್ನು ತಡೆಯಬೇಕಿತ್ತು. ಒಂದು, ದ್ರುತದಲ್ಲಿ ಸಪ್ತಕಗಳನ್ನು ದಾಟುವ ಅವರ ತಾನುಗಳು. ಇನ್ನೊಂದು, ತಾರ ಷಡ್ಜವನ್ನು ತುಂಬುಗಂಟಲಿನಿಂದ ಹಿಡಿದು ನಿಲ್ಲಿಸುವ ಕಬೀರರ ನಿರ್ಗುಣಿ ಭಜನೆಗಳು. ಉಸಿರಿನ ಬಡವನು ಮೊದಲು ಕೈಬಿಡುವುದು ಇವೆರಡನ್ನೇ. ಕುಮಾರರು ಇವನ್ನು ಕೈಬಿಡಲಿಲ್ಲ, ಪೂರ್ತಿ ಹಾಡಿದರು. ಹಾಡಿದ ಮೇಲೆ ನಿಂತರು. ನಿಲುಗಡೆ ಬೀಳುವುದು ಸ್ವರ ಅತ್ಯಂತ ಬಲವಾಗಿರುವ ಜಾಗದಲ್ಲಿ, ಅದು ಸೋಲುವ ಜಾಗದಲ್ಲಲ್ಲ. ಒಂದೇ ಸಾಲಿನೊಳಗೆ ಗಂಟಲು ತೆರೆದು ಎಸೆದ ಸ್ವರವೂ ಪಿಸುಮಾತಿನಷ್ಟು ತೆಳುವಾದ ಸ್ವರವೂ ಅಕ್ಕಪಕ್ಕ ಇರುತ್ತವೆ. ಇದು ಬಳಲಿಕೆಯ ಲಕ್ಷಣವಲ್ಲ, ಹತೋಟಿಯ ಲಕ್ಷಣ.

ಒಂದೇ ಶ್ವಾಸಕೋಶದ ದೇಹ ಹಾಡುಗಾರಿಕೆಯ ಮೇಲೆ ಏನೂ ಪರಿಣಾಮ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅವಿವೇಕ. ದೇಹದ ಮಿತಿ ‘ಇಷ್ಟೇ ಉದ್ದ’ ಎಂದು ಹೇಳಬಲ್ಲದು. ‘ಇಲ್ಲಿಯೇ ನಿಲ್ಲು’ ಎಂದು ಹೇಳಲಾರದು. ಎಲ್ಲಿ ನಿಲ್ಲಬೇಕೆಂದು ಹೇಳುವುದು ಸಂಗೀತ.

ಮೂರನೆಯದು, ಎಲ್ಲರೂ ಹೆಸರಿಸಿ ಕೆಲವರೇ ತೆರೆದು ನೋಡುವ ಆಕರ: ಕುಮಾರರದೇ ‘ಅನೂಪರಾಗವಿಲಾಸ’. ಅದರ ಮೊದಲ ಭಾಗ ಬಂದದ್ದು 1965ರಲ್ಲಿ, ಎರಡನೆಯದು ಅವರ ನಿಧನದ ನಂತರ. ಬಹುತೇಕ ಅವರೇ ಕಟ್ಟಿದ ಬಂದಿಶುಗಳು ಸ್ವರಲಿಪಿಯೊಂದಿಗೆ ಅಲ್ಲಿವೆ. ಮಾಳವದ ಜನಪದ ಧಾಟಿಗಳಿಂದ ಅವರು ಬೆಳೆಸಿದ ‘ಧುನ್-ಉಗಮ್’ ರಾಗಗಳು ಈ ಸೃಷ್ಟಿಯ ತಿರುಳು: ಮಧುಸುರಜಾ, ಸಂಜಾರಿ, ಲಗನ ಗಾಂಧಾರ, ಸಹೇಲಿ ತೋಡಿ, ಅಹಿಮೋಹಿನಿ ಇತ್ಯಾದಿ. ಹಾಡುವ ಗಳಿಗೆಯ ಬಳಲಿಕೆ ಸ್ವರಲಿಪಿಗೆ ಇಳಿಯುವುದಿಲ್ಲ. ಆದರೂ ನುಡಿಗಟ್ಟಿನ ಸಂಕ್ಷೇಪ, ಮಾತಿಗೆ ಅಂಟಿಕೊಂಡ ಸ್ವರ, ಥಟ್ಟನೆ ಸಮ್‌ಗೆ ಬಂದು ಮುಟ್ಟುವ ಬಿಗಿ ಬರಹದಲ್ಲೇ ಇವೆ. ಅಂದರೆ ಸಂಕ್ಷೇಪ ಗಾಯನದ ಹಂತದಲ್ಲಿ ಒದಗಿದ ತೇಪೆಯಲ್ಲ, ರಚನೆಯ ಹಂತದಲ್ಲೇ ಮಾಡಿದ ತೀರ್ಮಾನ. ಸಂಗೀತ ವಿಭಾಗಗಳ ಪ್ರಬಂಧಗಳು ಈ ಗ್ರಂಥವನ್ನು ಗ್ರಂಥಋಣದಲ್ಲಿ ಸೇರಿಸಿ, ವಾದದಲ್ಲಿ ಮಾತ್ರ ಆಸ್ಪತ್ರೆಯ ಕಥೆಯನ್ನೇ ನೆಚ್ಚುವುದು ನನಗೆ ಸಹಿಸಲಾಗದ ಸಂಗತಿ.

ಹಾಗಾದರೆ ರೋಗದ ಪಾತ್ರವೇನು? ಬಹಳ ದೊಡ್ಡದು, ಆದರೆ ಬೇರೆ ದಾರಿಯಿಂದ. ಹಾಡಬಾರದೆಂದು ಹಾಸಿಗೆ ಹಿಡಿದವರು ವರ್ಷಗಟ್ಟಲೆ ಕೇಳಿದರು. ಮದುವೆಯಲ್ಲಿ, ಮಳೆಗಾಲದಲ್ಲಿ, ಹಬ್ಬದಲ್ಲಿ ಮಾಳವದ ಹೆಣ್ಣುಮಕ್ಕಳು ಹಾಡುವ ಹಾಡುಗಳು; ಮನೆ ಮುಂದೆ ಹಾದುಹೋಗುವ ನಾಥಪಂಥಿ ಜೋಗಿಗಳ ಪದಗಳು; ದೇವಾಸ್‌ನ ಶೀಲನಾಥರ ಧುನಿಯ ಭಜನೆಗಳು. ನಾಲ್ಕೈದು ಸ್ವರಗಳಲ್ಲೇ ಮುಗಿಯುವ ಆ ಜನಪದ ಧಾಟಿಗಳಲ್ಲಿ ರಾಗದ ಬೀಜವಿದೆ ಎಂಬ ಅವರ ನಂಬಿಕೆ ಬೆಳೆದದ್ದು ಅಲ್ಲಿ. ರೋಗ ಬದಲಿಸಿದ್ದು ಉಸಿರಿಗಿಂತ ಹೆಚ್ಚಾಗಿ ಕಿವಿಯನ್ನು. ಈ ಒಂದು ತಿದ್ದುಪಡಿಯನ್ನು ಒಪ್ಪಿದರೆ ಗೀತ ವರ್ಷಾ, ಗೀತ ಹೇಮಂತ, ಗೀತ ವಸಂತದಂಥ ಋತು ಕಾರ್ಯಕ್ರಮಗಳೂ ಕಬೀರ್-ಸೂರ್-ಮೀರಾರ ‘ತ್ರಿವೇಣಿ’ಯೂ ಅವರ ಖಯಾಲಿನ ಜೊತೆಗೆ ಒಂದೇ ಎಳೆಯಲ್ಲಿ ಕೂಡುತ್ತವೆ. ಉಸಿರಿನ ಸಿದ್ಧಾಂತಕ್ಕೆ ಇವುಗಳಲ್ಲಿ ಒಂದನ್ನೂ ವಿವರಿಸುವ ಶಕ್ತಿಯಿಲ್ಲ.

ಇನ್ನು ತಂಬೂರಿ. ಶ್ರುತಿ ಕೂಡಿಸುವುದರಲ್ಲಿ ಕುಮಾರರ ಕಟ್ಟುನಿಟ್ಟು ಸಂಗೀತ ವಲಯದಲ್ಲಿ ಮನೆಮಾತು. ಹೀಗೆ ಕೂಡಿಸಿದ ಜೋಡಿ ತಂಬೂರಿಗಳ ನಡುವೆ ಗಾಯಕ ನಿಂತಾಗ ಉಳಿಯುವುದು ಬರಿಯ ಖಾಲಿಯಲ್ಲ. ಈಗಷ್ಟೇ ಬಿಟ್ಟ ಸ್ವರ ಆ ನಾದದಲ್ಲಿ ಮುಂದುವರಿಯುತ್ತದೆ. ಲಿಂಡಾ ಹೆಸ್ ಅವರು ಕುಮಾರರ ಕಬೀರ್ ಗಾಯನದ ಮೇಲಿನ ತಮ್ಮ ಪುಸ್ತಕದಲ್ಲಿ ಶೂನ್ಯದ ಕಲ್ಪನೆಯನ್ನು ಕೇಂದ್ರಕ್ಕೆ ತಂದದ್ದು ಸರಿಯಾದ ಹೆಜ್ಜೆ. ಆದರೆ ಆ ಶೂನ್ಯ ತತ್ತ್ವವಾಗುವ ಮೊದಲು ಕಸುಬಾಗಿತ್ತು, ತಂತಿಯ ಮೇಲೆ ಕೂಡಿಸಿದ ಶ್ರುತಿಯಾಗಿತ್ತು ಎಂಬುದನ್ನು ಅದಕ್ಕೆ ಸೇರಿಸಬೇಕು. ಇದನ್ನು ಅರಿಯಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಹೈದರಾಬಾದ್-ಸೊಲ್ಲಾಪುರ ಹೆದ್ದಾರಿಯ ಮನ್ನಾಏಖೇಳ್ಳಿಯಿಂದ ಪಶ್ಚಿಮಕ್ಕೆ ಹೊರಟರೆ ಹುಮನಾಬಾದಿನ ಮಾಣಿಕನಗರ ಸಿಗುತ್ತದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿಗಳಲ್ಲಿ ರಚಿಸಿದ ಪದಗಳು ಅಲ್ಲಿ ರಾಗಬದ್ಧವಾಗಿ ಹಾಡಲ್ಪಡುತ್ತ ಬಂದಿವೆ. ಏಕತಾರಿ ಹಿಡಿದ ತತ್ತ್ವಪದಕಾರ ಸಾಲು ಮುಗಿಸಿ ತಂತಿಗೆ ಮಾತು ಬಿಟ್ಟುಕೊಡುವುದು ಈ ನೆಲದಲ್ಲಿ ಹಳೆಯ ರೂಢಿ. ಅದನ್ನು ಯಾರೂ ಉಸಿರಿನ ಕೊರತೆ ಎಂದದ್ದಿಲ್ಲ.

ವಾಮನರಾವ್ ದೇಶಪಾಂಡೆಯವರ ‘ಘರಂದಾಜ್ ಗಾಯಕಿ’ಯ ಬಗ್ಗೆಯೂ ಹೇಳಬೇಕು. ಸ್ವರ ಮತ್ತು ಲಯಗಳನ್ನು ಎರಡು ತುದಿಗಳಾಗಿಟ್ಟು ಕಿರಾನಾ, ಆಗ್ರಾ, ಜೈಪುರ ಘರಾಣೆಗಳನ್ನು ಅದರ ನಡುವೆ ಕೂರಿಸಿದ ಆ ಪುಸ್ತಕಕ್ಕೆ ನಾವೆಲ್ಲ ಋಣಿಗಳು. ವಾಮನರಾವ್ ಕುಮಾರರನ್ನು ಆಳವಾಗಿ ಬಲ್ಲವರು. ನನ್ನ ತಕರಾರು ಅವರ ಅಳತೆಗೋಲನ್ನು ಯಾಂತ್ರಿಕವಾಗಿ ಬಳಸಿದವರ ಮೇಲೆ. ಆ ಕೋಲಿನಲ್ಲಿ ಮೌನಕ್ಕೆ ಗುರುತಿಲ್ಲ. ಆದ್ದರಿಂದ ಕುಮಾರರು ಅದರಲ್ಲಿ ಕೂರದಿದ್ದಾಗ ಇವರು ‘ಘರಾಣೆಯಿಲ್ಲದವರು’ ಎಂದರು. ಮುಂಬೈಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತವರನ್ನು, ಅಂಜನೀಬಾಯಿ ಮಾಲ್ಪೇಕರರಿಂದ ಪಾಠ ಪಡೆದವರನ್ನು ಪರಂಪರೆಯಿಲ್ಲದವರು ಎನ್ನುವುದು ಇತಿಹಾಸಕ್ಕೆ ಅಪಚಾರ. ಮಲ್ಲಿಕಾರ್ಜುನ ಮನ್ಸೂರರೂ ವಿಲಂಬಿತವನ್ನು ಕಿರಾನಾದವರಂತೆ ಎಳೆಯಲಿಲ್ಲ. ಅವರ ಶ್ವಾಸಕೋಶದ ಲೆಕ್ಕ ಯಾರೂ ಕೇಳಲಿಲ್ಲ, ಜೈಪುರದ ಹೆಸರು ಅವರನ್ನು ಕಾಯಿತು.

ಪರಂಪರೆಯ ಮುಂದಿನ ಕೊಂಡಿಯೂ ಇದನ್ನೇ ಹೇಳುತ್ತದೆ. ಮಗ ಮುಕುಲ್ ಶಿವಪುತ್ರ ಧ್ರುಪದವನ್ನೂ ಕರ್ನಾಟಕ ಸಂಗೀತವನ್ನೂ ಕಲಿತು ವಿಸ್ತಾರದ ದಾರಿ ಹಿಡಿದರು. ಮಗಳು ಕಲಾಪಿನಿ ಕೋಮಕಲಿ, ಶಿಷ್ಯ ಸತ್ಯಶೀಲ ದೇಶಪಾಂಡೆ ತಮ್ಮ ತಮ್ಮ ಬಗೆಯಲ್ಲಿ ಬಂದಿಶಿನ ವಿಚಾರವನ್ನು ಮುಂದುವರಿಸಿದರು. ಉಸಿರಿನ ತೊಂದರೆಯಿಲ್ಲದವರೂ ಈ ವಿಚಾರವನ್ನು ಹಾಡಬಲ್ಲರೆಂದರೆ ಅದು ರೋಗಿಯ ಉಪಾಯವಾಗಿರಲಿಲ್ಲ.

ಕೊನೆಯ ಮಾತು ಎರಡೂ ಬಣದವರಿಗೆ. ಕ್ರಮಬದ್ಧ ಬಢತ್ ಇಲ್ಲವೆಂದು ಕುಮಾರರನ್ನು ಒಪ್ಪದ ಹಳೆಯ ಕೇಳುಗರು ಅವರಿಗೆ ಒಂದು ನ್ಯಾಯ ಮಾಡಿದ್ದಾರೆ: ಬೇಕೆಂದೇ ಹೀಗೆ ಹಾಡುತ್ತಾರೆಂದು ನಂಬಿ ಜಗಳವಾಡಿದ್ದಾರೆ. ಅವರ ಆಕ್ಷೇಪಕ್ಕೆ ಸಂಗೀತದ ಭಾಷೆಯಲ್ಲೇ ಉತ್ತರ ಕೊಡಬಹುದು. ಅನುಕಂಪದಿಂದ ಸಮರ್ಥಿಸುವ ಅಭಿಮಾನಿಗಳು ಮಾತ್ರ ಕಲಾವಿದನ ಕೈಯಿಂದ ಅವನ ತೀರ್ಮಾನವನ್ನೇ ಕಸಿದು ರೋಗಕ್ಕೆ ಒಪ್ಪಿಸುತ್ತಾರೆ. ಕನ್ನಡದಲ್ಲಿ ಕುಮಾರರ ಬಗ್ಗೆ ಇನ್ನು ಮುಂದೆ ಬರೆಯುವವರು ಆ ಒಂದು ವಾಕ್ಯವನ್ನು ಕೈಬಿಟ್ಟು, ‘ಅನೂಪರಾಗವಿಲಾಸ’ವನ್ನು ಮುಂದಿಟ್ಟುಕೊಂಡು ಬರೆಯಲಿ. ನಮ್ಮ ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳು ಅದನ್ನು ಪಠ್ಯವಾಗಿ ಓದಿಸಲಿ. ಸುಳೇಭಾವಿಯಲ್ಲಿ ಹುಟ್ಟಿದ ಈ ಗಾಯಕನಿಗೆ ಕನ್ನಡ ವಿಮರ್ಶೆ ಸಲ್ಲಿಸಬೇಕಾದ ಮೊದಲ ಬಾಕಿ ಅದು.