ಪ್ರೊರೋಗ್: ಕೇಳುವುದನ್ನು ಮರೆತ ಒಂದು ಕ್ರಿಯಾಪದ

ಇಂಗ್ಲಿಷಿನ ‘ಪ್ರೊರೋಗ್’ ಎಂಬ ಕ್ರಿಯಾಪದ ಶಾಸನಸಭೆಯ ವ್ಯವಹಾರದ ಹೊರಗೆ ಈಗ ಕೇಳಸಿಗುವುದೇ ಅಪರೂಪ. ಸಭೆಯನ್ನು ವಿಸರ್ಜಿಸದೆ ಅದರ ಒಂದು ಅಧಿವೇಶನವನ್ನು ಕೊನೆಗಾಣಿಸುವುದು ಎಂದು ಅದರ ಅರ್ಥ. ನಮ್ಮ ಪತ್ರಿಕೆಗಳು ಬರೆಯುವ ‘ಅನಿರ್ದಿಷ್ಟಾವಧಿಗೆ ಮುಂದೂಡಿಕೆ’ ಇದಲ್ಲ. ವಿಧಾನಸಭೆಯ ಕಲಾಪವನ್ನು ಹಾಗೆ ಮುಂದೂಡುವವರು ಸಭಾಧ್ಯಕ್ಷರು. ಪ್ರೊರೋಗ್ ಮಾಡುವ ಅಧಿಕಾರ ಸಂವಿಧಾನದ 174ನೇ ವಿಧಿಯಂತೆ ರಾಜ್ಯಪಾಲರದು. ಸಂಸತ್ತಿನ ವಿಷಯದಲ್ಲಿ, 85ನೇ ವಿಧಿಯಂತೆ, ರಾಷ್ಟ್ರಪತಿಗಳದು.

ಮುಗಿಸುವುದನ್ನು ಹೇಳುವ ಈ ಪದ ಹುಟ್ಟಿದ್ದು ಮುಂದುವರಿಸುವುದನ್ನು ಹೇಳಲು. ಲ್ಯಾಟಿನ್‌ನ ‘ಪ್ರೊರೊಗಾರೆ’ಯಲ್ಲಿ ‘ಪ್ರೊ’ ಎಂದರೆ ಮುಂದಕ್ಕೆ, ‘ರೊಗಾರೆ’ ಎಂದರೆ ಕೇಳುವುದು. ರೋಮ್ ಗಣರಾಜ್ಯದಲ್ಲಿ ಈ ಕೇಳುವಿಕೆ ಬರಿಯ ಮಾತಾಗಿರಲಿಲ್ಲ, ಕಾನೂನು ಹುಟ್ಟುವ ಬಗೆಯೇ ಅದಾಗಿತ್ತು. ಅಧಿಕಾರಿ ಜನಸಭೆಯ ಮುಂದೆ ಮಸೂದೆಯನ್ನಿಟ್ಟು ಒಪ್ಪಿಗೆಯೇ ಎಂದು ಕೇಳಬೇಕು, ಜನ ಮತ ಹಾಕಬೇಕು. ಹಾಗಾಗಿ ಮಸೂದೆಗೆ ‘ರೊಗಾಟಿಯೊ’ ಎಂದೇ ಹೆಸರು. ಕಾನೂನನ್ನು ರದ್ದು ಮಾಡುವುದು ‘ಅಬ್ರೊಗಾರೆ’, ಅದರ ಒಂದು ಭಾಗವನ್ನು ತೆಗೆಯುವುದು ‘ಡೆರೊಗಾರೆ’. ಎಲ್ಲದರ ನಡುವೆಯೂ ಕೇಳುವ ಧಾತು ಕುಳಿತಿದೆ.

ಪ್ರೊರೊಗಾರೆ ಆಡಳಿತದ ಪದವಾದ ಸಂದರ್ಭವನ್ನು ಇತಿಹಾಸಕಾರ ಲಿವಿ ದಾಖಲಿಸಿದ್ದಾನೆ. ರೋಮಿನ ಅತ್ಯುನ್ನತ ಅಧಿಕಾರಿಯಾದ ಕಾನ್ಸುಲನ ಪದವಿಯ ಅವಧಿ ಒಂದೇ ವರ್ಷ. ಕ್ರಿ.ಪೂ. 326ರಲ್ಲಿ ಕಾನ್ಸುಲ್ ಕ್ವಿಂಟಸ್ ಪುಬ್ಲಿಲಿಯಸ್ ಫಿಲೊ ಇಂದಿನ ನೇಪಲ್ಸ್ ಬಳಿಯ ಪಾಲೆಪೊಲಿಸ್‌ಗೆ ಮುತ್ತಿಗೆ ಹಾಕಿದ್ದಾಗ ಅವನ ವರ್ಷ ಮುಗಿಯುತ್ತ ಬಂತು. ಗೆಲುವು ಹತ್ತಿರವಿರುವಾಗ ಸೇನಾಪತಿಯನ್ನು ಹಿಂದಕ್ಕೆ ಕರೆಸುವುದು ಹೇಗೆ? ಜನಸಾಮಾನ್ಯರ ಪ್ರತಿನಿಧಿಗಳಾದ ಟ್ರಿಬ್ಯೂನರು ಜನರ ಮುಂದೆ ಹೋದರು. ಯುದ್ಧ ಮುಗಿಯುವವರೆಗೂ ಅವನು ಕಾನ್ಸುಲನ ಸ್ಥಾನದಲ್ಲಿ ದಂಡನ್ನು ನಡೆಸಲಿ ಎಂದು ತೀರ್ಮಾನವಾಯಿತು. ಪ್ರೊಕಾನ್ಸುಲ್ ಎಂಬ ಅಧಿಕಾರಕ್ಕೆ ಬೀಜ ಬಿದ್ದದ್ದು ಇಲ್ಲಿ. ಜನರನ್ನು ಕೇಳಿ ಅವಧಿ ವಿಸ್ತರಿಸುವುದೆಂಬ ಪದದ ಪೂರ್ಣಾರ್ಥ ಈ ಘಟನೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಮುಂದೆ ಕಾಣುವುದಿಲ್ಲ. ಕಾಲಕ್ರಮದಲ್ಲಿ ಸೆನೆಟ್ ತಾನೇ ಅವಧಿ ವಿಸ್ತರಿಸತೊಡಗಿತು. ಅಂದರೆ, ನನ್ನ ದೃಷ್ಟಿಯಲ್ಲಿ, ಪದದೊಳಗಿನ ಪ್ರಶ್ನೆ ರೋಮಿನಲ್ಲೇ ಸವೆಯತೊಡಗಿತ್ತು.

ಫ್ರೆಂಚ್ ಮೂಲಕ 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಪದಕ್ಕೆ ಮೊದಲಿದ್ದ ಅರ್ಥ ವಿಸ್ತರಿಸು. ವಿಸ್ತರಿಸುವುದರಿಂದ ಮುಂದೂಡುವುದಕ್ಕೆ ಒಂದೇ ಹೆಜ್ಜೆ. ಷೇಕ್ಸ್‌ಪಿಯರನ ರೋಮಿಯೊ ಎರಡನೆಯ ಅಂಕದಲ್ಲಿ ಈ ಪದವನ್ನಾಡುವುದು ಮುಂದೂಡಲ್ಪಟ್ಟ ಸಾವಿನ ಬಗ್ಗೆ. ಪಾರ್ಲಿಮೆಂಟಿನ ಮುಂದಿನ ಕೂಟವನ್ನು ಇನ್ನೊಂದು ದಿನಕ್ಕೆ ಒಯ್ಯುವುದೂ ಪ್ರೊರೋಗ್ ಆಯಿತು. ಕೊನೆಗೆ ಆ ಅರ್ಥವೊಂದೇ ಉಳಿಯಿತು. ಇಲ್ಲಿ ನಿರ್ಧರಿಸುವವನು ಅರಸ, ಸಭೆ ಅದನ್ನು ಕೇಳಿಸಿಕೊಳ್ಳಬೇಕಷ್ಟೇ. ಇಂಗ್ಲೆಂಡಿನ ಅರಸ ಎರಡನೇ ಚಾರ್ಲ್ಸ್ 1675ರ ನವೆಂಬರಿನಲ್ಲಿ ಪ್ರೊರೋಗ್ ಮಾಡಿದ ಪಾರ್ಲಿಮೆಂಟನ್ನು ಮತ್ತೆ ಕೂಡಿಸಿದ್ದು 1677ರ ಫೆಬ್ರುವರಿಯಲ್ಲಿ. ವರ್ಷ ಮೀರಿದ್ದರಿಂದ ಸಭೆ ತಾನಾಗಿಯೇ ವಿಸರ್ಜನೆಯಾಗಿದೆ ಎಂದು ವಾದಿಸಿದ ಶಾಫ್ಟ್ಸ್‌ಬರಿ, ಬಕಿಂಗ್‌ಹ್ಯಾಮ್ ಮೊದಲಾದ ಪ್ರಭುಗಳು ಲಂಡನ್ ಟವರಿನ ಸೆರೆಗೆ ಹೋಗಬೇಕಾಯಿತು.

ಅರಸನ ಈ ವಿಶೇಷಾಧಿಕಾರಕ್ಕೆ ‘ಪ್ರೆರಾಗೆಟಿವ್’ ಎಂಬ ಹೆಸರು. ಅದೂ ರೊಗಾರೆಯ ಸಂತಾನವೇ. ರೋಮಿನ ಮತದಾನದಲ್ಲಿ ಚೀಟಿ ಎತ್ತಿ ಆರಿಸಿ ಎಲ್ಲರಿಗಿಂತ ಮೊದಲು ಕೇಳಲಾಗುತ್ತಿದ್ದ ಗುಂಪನ್ನು ‘ಪ್ರೈರೊಗಾಟಿವಾ’ ಎನ್ನುತ್ತಿದ್ದರು. ಮೊದಲು ಕೇಳಿಸಿಕೊಳ್ಳುವ ಪ್ರಜೆಗಳ ಹೆಸರು ಯಾರನ್ನೂ ಕೇಳಬೇಕಿಲ್ಲದ ದೊರೆಯ ಅಧಿಕಾರಕ್ಕೆ ಸಂದಿತು. 2019ರಲ್ಲಿ ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ ಅವರ ಸಲಹೆಯಂತೆ ಪಾರ್ಲಿಮೆಂಟನ್ನು ಅಕ್ಟೋಬರ್ 14ರವರೆಗೆ ಪ್ರೊರೋಗ್ ಮಾಡಲಾಯಿತು. ಸೆಪ್ಟೆಂಬರ್ 24ರಂದು ಅಲ್ಲಿನ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಅಸಿಂಧುವೆಂದರು. ಪಾರ್ಲಿಮೆಂಟಿನ ಕೆಲಸಕ್ಕೆ ಅಡ್ಡಬರುವ ಪ್ರೊರೋಗ್‌ಗೆ ಸಮಂಜಸ ಕಾರಣ ಇರಲೇಬೇಕೆಂಬುದು ತೀರ್ಪಿನ ತಿರುಳು.

ಭಾರತದ ಪ್ರಸಂಗ ಇದಕ್ಕಿಂತ ಕಳವಳದ್ದು. ಪ್ರೊರೋಗ್ ಆದ ಮಾತ್ರಕ್ಕೆ ನಮ್ಮಲ್ಲಿ ಮಸೂದೆ ಸಾಯುವುದಿಲ್ಲ. 107 ಮತ್ತು 196ನೇ ವಿಧಿಗಳು ಅದನ್ನು ಕಾಯುತ್ತವೆ. ಅಪಾಯ ಇರುವುದು ಸುಗ್ರೀವಾಜ್ಞೆಯಲ್ಲಿ. ಶಾಸಕಾಂಗದ ಅಧಿವೇಶನ ಇಲ್ಲದಿರುವಾಗಷ್ಟೇ ಅದನ್ನು ಹೊರಡಿಸಬಹುದು, ಸದನ ಮತ್ತೆ ಸೇರಿದ ಆರು ವಾರಕ್ಕೆ ಅದು ಕೊನೆಯಾಗಬೇಕು. ಬಿಹಾರದಲ್ಲಿ ಅಧಿವೇಶನವನ್ನು ಪ್ರೊರೋಗ್ ಮಾಡಿಸುವುದು, ಅವೇ ಸುಗ್ರೀವಾಜ್ಞೆಗಳನ್ನು ಮರಳಿ ಹೊರಡಿಸುವುದು ರೂಢಿಯಾಯಿತು. ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ಡಿ.ಸಿ. ವಾಧ್ವಾ ಅವರು ಕಲೆಹಾಕಿದಂತೆ, 1967ರಿಂದ 1981ರವರೆಗೆ ಅಲ್ಲಿ ಹೊರಬಂದ ಸುಗ್ರೀವಾಜ್ಞೆಗಳು 256. ಕಬ್ಬಿನ ಪೂರೈಕೆಗೆ ಸಂಬಂಧಿಸಿದ ಒಂದು ಆಜ್ಞೆಯಂತೂ ಶಾಸನಸಭೆಯ ಒಪ್ಪಿಗೆಯೇ ಇಲ್ಲದೆ 13 ವರ್ಷಕ್ಕೂ ಮೇಲ್ಪಟ್ಟು ಜೀವಂತವಾಗಿತ್ತು. ಲ್ಯಾಟಿನ್ ಪದದ ‘ವಿಸ್ತರಣೆ’ ಎಂಬ ಅರ್ಧ ಇಲ್ಲಿ ಮರಳಿ ಬಂತು, ‘ಕೇಳುವ’ ಅರ್ಧ ಬರಲಿಲ್ಲ.

ವಾಧ್ವಾ ಅವರ ಅರ್ಜಿಯ ಮೇಲೆ 1986ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ರೂಢಿಯನ್ನು ಸಂವಿಧಾನಕ್ಕೆ ಬಗೆದ ವಂಚನೆ ಎಂದು ಕರೆಯಿತು. ಬಿಹಾರದಿಂದಲೇ ಬಂದ ಇನ್ನೊಂದು ಪ್ರಕರಣದಲ್ಲಿ, 2017ರ ಜನವರಿ 2ರಂದು, ಏಳು ನ್ಯಾಯಮೂರ್ತಿಗಳ ಪೀಠದ ಬಹುಮತ ಇನ್ನೊಂದು ಹೆಜ್ಜೆ ಮುಂದಿಟ್ಟು, ಸುಗ್ರೀವಾಜ್ಞೆಯನ್ನು ಶಾಸಕಾಂಗದ ಮುಂದೆ ಮಂಡಿಸುವುದು ಕಡ್ಡಾಯವೆಂದು ತೀರ್ಪಿತ್ತಿತು.