ಬಾರ್‌ಗಳು ರಾತ್ರಿ 1ರವರೆಗೆ: ಚಿತ್ರದುರ್ಗ ಜಿಲ್ಲೆಗೂ ಅನ್ವಯಿಸುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ತಿಳಿಯಿರಿ

"ರಾಜ್ಯದ ಎಲ್ಲ ಬಾರ್‌ಗಳೂ ಇನ್ನು ರಾತ್ರಿ 1 ಗಂಟೆವರೆಗೆ ಓಪನ್." ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿದ್ದರೆ, ಅದು ಅರ್ಧ ಸತ್ಯ. ಆದೇಶ ಇರುವುದು ನಿಜ, ಆದರೆ ಅದು ಇಡೀ ರಾಜ್ಯಕ್ಕಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ಇದರಲ್ಲಿ ತಿಳಿಯಬೇಕಾದ ವಿಷಯಗಳು ಇಲ್ಲಿವೆ.

ಆದೇಶದಲ್ಲಿ ಏನಿದೆ?

ರಾತ್ರಿ 1ರವರೆಗೆ ವ್ಯಾಪಾರಕ್ಕೆ ಅವಕಾಶ ಕೊಡುವುದಾಗಿ ಸರ್ಕಾರ ಹೇಳಿದ್ದು 2024ರ ಫೆಬ್ರುವರಿಯ ಬಜೆಟ್‌ನಲ್ಲಿ. ಅದೇ ವರ್ಷ ನಗರಾಭಿವೃದ್ಧಿ ಇಲಾಖೆ ಆದೇಶ ಹೊರಡಿಸಿತು. ಇದು ಬೆಂಗಳೂರು ಮತ್ತು ಇತರ 10 ಮಹಾನಗರ ಪಾಲಿಕೆಗಳಿಗೆ ಸೀಮಿತ: ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ, ಬಳ್ಳಾರಿ, ವಿಜಯಪುರ, ದಾವಣಗೆರೆ, ಶಿವಮೊಗ್ಗ ಮತ್ತು ತುಮಕೂರು.

ಈ ಪಟ್ಟಿಯಲ್ಲಿ ಚಿತ್ರದುರ್ಗ ಇಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯೂ ಇಲ್ಲ. ಇಲ್ಲಿ ಹಿಂದಿನ ನಿಯಮವೇ ನಡೆಯುತ್ತದೆ. ಕೂತು ಕುಡಿಯುವ ಬಾರ್ ಆ್ಯಂಡ್ ರೆಸ್ಟೋರೆಂಟ್‌ಗಳಿಗೆ (ಸಿಎಲ್-9 ಸನ್ನದು) ಬೆಳಗ್ಗೆ 10ರಿಂದ ರಾತ್ರಿ 11.30ರವರೆಗೆ, ಪಾರ್ಸೆಲ್ ಮಾತ್ರ ಕೊಡುವ ವೈನ್ ಶಾಪ್‌ಗಳಿಗೆ (ಸಿಎಲ್-2) ರಾತ್ರಿ 10.30ರವರೆಗೆ ಅವಕಾಶ. "ಬೆಂಗಳೂರಲ್ಲಿ ಇದೆಯಲ್ಲ" ಎಂದು ಮಾಲೀಕರು ತಾವಾಗಿಯೇ ಸಮಯ ವಿಸ್ತರಿಸುವಂತಿಲ್ಲ.

ನಮ್ಮ ಜಿಲ್ಲೆಗೆ ಸಂಬಂಧವೇ ಇಲ್ಲವೇ?

ಇದೆ. ಪಟ್ಟಿಯನ್ನು ಇನ್ನೊಮ್ಮೆ ನೋಡಿ: ದಾವಣಗೆರೆ, ತುಮಕೂರು, ಶಿವಮೊಗ್ಗ, ಬಳ್ಳಾರಿ. ಚಿತ್ರದುರ್ಗ ಜಿಲ್ಲೆ ಈ ನಾಲ್ಕರ ನಡುವೆ ಇದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿಲೋಮೀಟರ್. ಅದೇ ಹೆದ್ದಾರಿ ಮುಂದೆ ಹಿರಿಯೂರು ಮೇಲೆ ತುಮಕೂರಿಗೆ ಹೋಗುತ್ತದೆ. ಪಕ್ಕದ ನಗರದಲ್ಲಿ 1 ಗಂಟೆಗೆ ಬಾರ್ ಮುಚ್ಚಿದ ಮೇಲೆ ಕುಡಿದವರು ಬೈಕ್, ಕಾರು ಹತ್ತಿದರೆ, ಅವರು ಬರುವ ದಾರಿ ನಮ್ಮದೇ. ಲಾರಿ, ಬಸ್ಸುಗಳು ರಾತ್ರಿಯಿಡೀ ಓಡುವ ದಾರಿಯೂ ಅದೇ.

ಲೆಕ್ಕ ಹಾಕಿ ನೋಡಿ: ಅಮಲು ಇಳಿಯಲು ಎಷ್ಟು ಹೊತ್ತು?

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ವಾಹನ ಓಡಿಸುವುದು ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, 15,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ನಮ್ಮ ಯಕೃತ್ತು ಗಂಟೆಗೆ ಸರಾಸರಿ 15 ಮಿಲಿಗ್ರಾಂನಷ್ಟು ಮಾತ್ರ ಈ ಪ್ರಮಾಣವನ್ನು ಇಳಿಸಬಲ್ಲದು. ರಾತ್ರಿ 11.30ಕ್ಕೆ ಬಾರ್‌ನಿಂದ ಏಳುವಾಗ 90 ಮಿಲಿಗ್ರಾಂ ಇದ್ದರೆ ಅದು 30ಕ್ಕೆ ಇಳಿಯುವುದು ಬೆಳಗಿನ ಜಾವ 3.30ಕ್ಕೆ. 1 ಗಂಟೆಗೆ ಎದ್ದರೆ 5 ಗಂಟೆಗೆ, ಪೂರ್ತಿ ಹೋಗುವುದು 7 ಗಂಟೆಗೆ. ಅಂದರೆ ತಡರಾತ್ರಿ ಕುಡಿದವರು ಮಕ್ಕಳನ್ನು ಶಾಲೆಗೆ ಬಿಡಲು, ಹಾಲಿನ ಗಾಡಿ ಓಡಿಸಲು ಹೊರಟಾಗಲೂ ಅಮಲು ಪೂರ್ತಿ ಇಳಿದಿರುವುದಿಲ್ಲ. ಕೆಲವರ ದೇಹದಲ್ಲಿ ಇದು ಇನ್ನೂ ನಿಧಾನ.

"ಮಜ್ಜಿಗೆ ಕುಡಿದರೆ, ನಿಂಬೆಹಣ್ಣು ಚೀಪಿದರೆ, ಕಾಫಿ ಕುಡಿದು ತಲೆಗೆ ನೀರು ಹಾಕಿದರೆ ಇಳಿಯುತ್ತದೆ" ಎಂಬುದು ಸುಳ್ಳು. ಕಾಫಿಯಿಂದ ಎಚ್ಚರ ಬಂದಂತೆ ಅನಿಸಬಹುದು. ರಕ್ತದಲ್ಲಿರುವ ಆಲ್ಕೋಹಾಲ್ ಇಳಿಸಲು ಹೊತ್ತು ಕಳೆಯುವುದೊಂದೇ ದಾರಿ.

ಒಂದು ಗಂಟೆ ಹೆಚ್ಚಿದರೆ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ?

"ಕುಡಿಯುವವರು ಹೇಗಿದ್ದರೂ ಕುಡಿಯುತ್ತಾರೆ, ಸಮಯದಿಂದ ಏನಾಗುತ್ತದೆ?" ಎಂಬ ವಾದವಿದೆ. ಅಧ್ಯಯನಗಳು ಬೇರೆಯೇ ಹೇಳುತ್ತವೆ.

• ಬ್ರೆಜಿಲ್‌ನ ಡಿಯಾಡೆಮಾ ನಗರದಲ್ಲಿ 2002ರಲ್ಲಿ ರಾತ್ರಿ 11ರ ನಂತರ ಮದ್ಯ ಮಾರಾಟ ನಿಲ್ಲಿಸಿದರು. ತಿಂಗಳಿಗೆ ಸುಮಾರು 9 ಕೊಲೆಗಳು ಕಡಿಮೆಯಾದವು ಎಂದು ಸಂಶೋಧಕರು ಅಂದಾಜಿಸಿದರು.
• ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 2008ರಲ್ಲಿ ಬೆಳಗಿನ ಜಾವ 5ರವರೆಗೆ ತೆರೆದಿರುತ್ತಿದ್ದ ಪಬ್‌ಗಳನ್ನು ಸುಮಾರು 3ಕ್ಕೇ ಮುಚ್ಚಿಸಿದಾಗ ರಾತ್ರಿಯ ಹಲ್ಲೆಗಳು ಶೇ. 37ರಷ್ಟು ಇಳಿದವು.
• ನಾರ್ವೆಯ 18 ನಗರಗಳ ಅಧ್ಯಯನದಲ್ಲಿ, ವಾರಾಂತ್ಯದಲ್ಲಿ ಮುಚ್ಚುವ ಸಮಯ ಒಂದು ಗಂಟೆ ಹೆಚ್ಚಾದರೆ ಹಲ್ಲೆ ಪ್ರಕರಣಗಳು ಸುಮಾರು ಶೇ. 16ರಷ್ಟು ಹೆಚ್ಚುತ್ತವೆ ಎಂದು ಕಂಡುಬಂತು.

ಆ ಊರುಗಳ ಪರಿಸ್ಥಿತಿ ನಮ್ಮದಲ್ಲ, ಅದೇ ಅಂಕಿ ಇಲ್ಲಿಗೆ ಹೊಂದಬೇಕೆಂದಿಲ್ಲ. ಆದರೆ ಸಮಯ ಹೆಚ್ಚಿಸುವ ಕಡೆ ಪೊಲೀಸ್ ಗಸ್ತು, ಆಂಬುಲೆನ್ಸ್, ಮನೆಗೆ ಹೋಗಲು ಬಸ್ಸು-ಆಟೊ ವ್ಯವಸ್ಥೆಯೂ ಹೆಚ್ಚಬೇಕು ಎಂಬ ಪಾಠ ಎಲ್ಲರಿಗೂ ಒಂದೇ. ರಾತ್ರಿ 11ರ ನಂತರ ಹಳ್ಳಿಗೆ ಬಸ್ಸಿಲ್ಲದ ಕಡೆ, ಕುಡಿದವರು ಬೈಕನ್ನೇ ಹತ್ತುತ್ತಾರೆ.

ಸಮಯದ ಜೊತೆಗೆ ಇರುವ ಇತರ ನಿಯಮಗಳು

ವಯಸ್ಸು: ರಾಜ್ಯದ ಅಬಕಾರಿ ನಿಯಮದಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. "18ಕ್ಕೆ ಇಳಿಸಿದ್ದಾರೆ" ಎಂಬ ಸಂದೇಶ ಸುಳ್ಳು. 2023ರ ಜನವರಿಯಲ್ಲಿ ಅಂಥ ಕರಡು ಹೊರಬಂದಿತ್ತು, ವಿರೋಧ ಬಂದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು.

ಜಾಗ: ಹೊಸ ಸನ್ನದು ಕೊಡುವಾಗ ದೇವಸ್ಥಾನ, ಮಸೀದಿ, ಚರ್ಚ್, ಶಾಲೆ-ಕಾಲೇಜು, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ದೂರವಿರಬೇಕು.

ಹೆದ್ದಾರಿ: ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಹೇಳಿತು. ಜನಸಂಖ್ಯೆ 20,000ಕ್ಕಿಂತ ಕಡಿಮೆ ಇರುವ ಕಡೆ ಇದನ್ನು 220 ಮೀಟರ್‌ಗೆ ಇಳಿಸಿದ್ದು 2017ರ ಮಾರ್ಚ್‌ನಲ್ಲಿ. ಪುರಸಭೆ, ನಗರಸಭೆ ವ್ಯಾಪ್ತಿಯೊಳಗಿನ ಸನ್ನದುದಾರರಿಗೆ ಆ ತೀರ್ಪು ಅಡ್ಡಿಯಲ್ಲ ಎಂದು ಅದೇ ವರ್ಷದ ಜುಲೈನಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಪಟ್ಟಣದೊಳಗೆ ಹೆದ್ದಾರಿ ಬದಿ ಕಾಣುವ ಬಾರ್‌ಗಳೆಲ್ಲ ಅಕ್ರಮ ಎನ್ನಲಾಗದು.

ಸಿಸಿಟಿವಿ: ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಕ್ಯಾಮೆರಾ ಇಟ್ಟು, 30 ದಿನದ ದೃಶ್ಯ ಉಳಿಸಿಕೊಳ್ಳಬೇಕೆಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ.

ಬೆಂಕಿ: ಮುಂಬೈನ ಕಮಲಾ ಮಿಲ್ಸ್ ಆವರಣದ ಮಹಡಿ ಪಬ್‌ಗಳಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ಬೆಂಕಿ ಬಿದ್ದು 14 ಜನ ಸತ್ತರು. ನೀವು ಯಾವುದೇ ಬಾರ್‌ಗೆ ಹೋದರೂ ಹೊರಬರುವ ಎರಡನೇ ದಾರಿ ಎಲ್ಲಿದೆ, ಅದಕ್ಕೆ ಬಿಯರ್ ಕೇಸುಗಳನ್ನು ಅಡ್ಡ ಇಟ್ಟಿದ್ದಾರೆಯೇ ನೋಡಿಕೊಳ್ಳಿ.

ಶಬ್ದ: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ.

ನೀವೇನು ಮಾಡಬಹುದು?

• ಸಮಯ ಮೀರಿ ತೆರೆದಿದ್ದರೆ, 21 ತುಂಬದವರಿಗೆ ಕೊಡುತ್ತಿದ್ದರೆ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಅಥವಾ ಪೊಲೀಸರಿಗೆ ತಿಳಿಸಿ. ಜಗಳ, ಬೆಂಕಿ, ಅಪಘಾತವಾದರೆ 112, ಆಂಬುಲೆನ್ಸ್‌ಗೆ 108.
• ಹೊರಡುವ ಮೊದಲೇ ಯಾರು ಕುಡಿಯುವುದಿಲ್ಲ, ಗಾಡಿ ಯಾರು ಓಡಿಸುತ್ತಾರೆ ಎಂದು ತೀರ್ಮಾನಿಸಿ.
• ಕುಡಿದು ಪ್ರಜ್ಞೆ ತಪ್ಪಿದವರನ್ನು ಅಂಗಾತ ಮಲಗಿಸಬೇಡಿ, ವಾಂತಿ ಉಸಿರುನಾಳಕ್ಕೆ ಹೋಗಬಹುದು. ಪಕ್ಕಕ್ಕೆ ತಿರುಗಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.
• ಕುಡಿತ ಬಿಡಲು ನೆರವು ಬೇಕಿದ್ದರೆ 14446, ಮಾನಸಿಕ ಆರೋಗ್ಯಕ್ಕೆ 14416. ಎರಡೂ ಉಚಿತ.

ಒಟ್ಟಿನಲ್ಲಿ: ರಾತ್ರಿ 1ರ ಆದೇಶ ಬೆಂಗಳೂರು ಮತ್ತು 10 ಪಾಲಿಕೆಗಳಿಗೆ ಮಾತ್ರ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಾರ್‌ಗಳಿಗೆ 11.30ರ ಗಡಿಯೇ ಇದೆ. "ಇಡೀ ರಾಜ್ಯಕ್ಕೆ" ಎನ್ನುವ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಕಳಿಸಲೇಬೇಕೆಂದರೆ ಅಮಲು ಇಳಿಯುವ ಮೇಲಿನ ಲೆಕ್ಕ ಕಳಿಸಿ, ಯಾರದಾದರೂ ಜೀವ ಉಳಿದೀತು.