ಲೀಸ್ ಎಲೆಕ್ಟ್ರಿಕ್ ಕಾರಿಗೆ ಹಿಂದಿನಿಂದ ಡಿಕ್ಕಿಯಾದರೆ ಬ್ಯಾಟರಿಯ ಹಣ ನೀವೇ ಕಟ್ಟಬೇಕೇ?

“ಎಲೆಕ್ಟ್ರಿಕ್ ಕಾರಿಗೆ ಹಿಂದಿನಿಂದ ಗುದ್ದಿದರೆ ಬ್ಯಾಟರಿ ಹೋಯಿತೆಂದೇ ಲೆಕ್ಕ. ಲೀಸ್ ಕಾರಾದರೆ ಬ್ಯಾಟರಿಯ ಪೂರ್ತಿ ಹಣ ನಿಮ್ಮ ತಲೆ ಮೇಲೆ. ಗುದ್ದಿದವನ ಹತ್ತಿರ ಅಲ್ಲೇ ದುಡ್ಡು ಇಸ್ಕೊಂಡು ಲೋಕಲ್ ಗ್ಯಾರೇಜಿನಲ್ಲಿ ಮಾಡಿಸಿಬಿಡಿ.” ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆಗಳಿಗೆ ಬರವಿಲ್ಲ. ಬೆಂಗಳೂರಿನಲ್ಲಿ ಸಂಬಳದ ಭಾಗವಾಗಿ ಕಂಪನಿಯಿಂದ ಕಾರು ಲೀಸ್ ಪಡೆಯುವವರೂ ತಿಂಗಳ ಬಾಡಿಗೆಗೆ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುವವರೂ ಹೆಚ್ಚುತ್ತಿರುವುದರಿಂದ ಈ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಚುಟುಕಾಗಿ ಹೇಳುವುದಾದರೆ, ಮೊದಲ ಎರಡು ಮಾತು ಬಹುಪಾಲು ಸುಳ್ಳು. ಮೂರನೆಯದು ಅಪಾಯಕಾರಿ. ಲೀಸ್ ಕಾರಿನಲ್ಲಿ ಜನ ದೊಡ್ಡ ಮೊತ್ತ ಕಳೆದುಕೊಳ್ಳುವುದು ಡಿಕ್ಕಿಯಿಂದಲ್ಲ, ಡಿಕ್ಕಿಯ ನಂತರ ರಸ್ತೆಯಲ್ಲೇ ಮಾಡಿಕೊಳ್ಳುವ ರಾಜಿಯಿಂದ.

ಹಿಂದಿನ ಪೆಟ್ಟು ಬ್ಯಾಟರಿಗೆ ತಲುಪುತ್ತದೆಯೇ?

ಇಂದಿನ ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳಲ್ಲಿ ದೊಡ್ಡ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ಅಂದರೆ ಬೂಟ್‌ನಲ್ಲಿ ಅಲ್ಲ. ಅದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ, ನೆಲದ ಕೆಳಗೆ ಗಟ್ಟಿ ಪೆಟ್ಟಿಗೆಯೊಳಗೆ ಇರುತ್ತದೆ. ಹಿಂದಿನಿಂದ ಬಂದ ಪೆಟ್ಟು ಮೊದಲು ಪ್ಲಾಸ್ಟಿಕ್ ಬಂಪರಿಗೆ, ಆಮೇಲೆ ಅದರ ಒಳಗಿನ ಲೋಹದ ಅಡ್ಡಪಟ್ಟಿಗೆ, ನಂತರ ಪೆಟ್ಟನ್ನು ಹೀರಿ ಕುಸಿಯುವಂತೆಯೇ ಮಾಡಿರುವ ಭಾಗಗಳಿಗೆ ತಾಗುತ್ತದೆ. ಇವೆಲ್ಲ ಮುದುಡಿದ ಮೇಲಷ್ಟೇ ಬಲ ಬ್ಯಾಟರಿಯ ಕಡೆಗೆ ಬರುತ್ತದೆ.

ಇದನ್ನು ಪರೀಕ್ಷಿಸುವ ಕ್ರಮವೂ ಇದೆ. ವಿಶ್ವಸಂಸ್ಥೆಯ ವಾಹನ ನಿಯಮ 153ರ ಪ್ರಕಾರ ಸುಮಾರು 1,100 ಕಿಲೋ ತೂಕದ ಚಲಿಸುವ ತಡೆಯನ್ನು ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರಿನ ಹಿಂಬದಿಗೆ ಗುದ್ದಿಸುತ್ತಾರೆ. ಆಮೇಲೆ ವಿದ್ಯುತ್ ಆಘಾತದ ಅಪಾಯ ಇದೆಯೇ, ಬ್ಯಾಟರಿಯ ದ್ರವ ಸೋರಿದೆಯೇ ಎಂದು ನೋಡುತ್ತಾರೆ. ಭಾರತದಲ್ಲಿ ಕಾರುಗಳ ಬ್ಯಾಟರಿ ಸುರಕ್ಷತೆಗೆ ಎಐಎಸ್-038 ಎಂಬ ಮಾನದಂಡವಿದೆ. ಅದರ ಬಿಗಿಗೊಳಿಸಿದ ರೂಪ 2022ರ ಡಿಸೆಂಬರ್‌ನಿಂದ ಹಂತಹಂತವಾಗಿ ಜಾರಿಗೆ ಬಂತು.

ಸಿಗ್ನಲ್‌ನಲ್ಲಿ ನಿಂತಾಗ ಸ್ಕೂಟರೋ ಕಾರೋ ನಿಧಾನವಾಗಿ ತಾಗಿದರೆ ಬ್ಯಾಟರಿಗೆ ಏನೂ ಆಗದಿರುವ ಸಾಧ್ಯತೆಯೇ ಹೆಚ್ಚು. ಆದರೆ ಬಂಪರ್ ನೋಡಿ “ಗೀಚು ಅಷ್ಟೇ” ಎಂದು ತೀರ್ಮಾನಿಸಲೂ ಬಾರದು. ಅದಕ್ಕೆ ಕಾರಣಗಳಿವೆ:

- ಪಾರ್ಕಿಂಗ್ ಸೆನ್ಸರ್, ಕ್ಯಾಮೆರಾ, ಕೆಲವು ಮಾದರಿಗಳಲ್ಲಿ ರಾಡಾರ್ ಹಿಂದಿನ ಬಂಪರಿನ ಆಸುಪಾಸಿನಲ್ಲೇ ಇರುತ್ತವೆ.
- ಮಹೀಂದ್ರದ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳಲ್ಲಿ ಮೋಟಾರ್ ಹಿಂದೆಯೇ ಇದೆ. ಟಾಟಾ ನೆಕ್ಸಾನ್ ಇವಿಯಲ್ಲಿ ಮೋಟಾರ್ ಮುಂದಿದ್ದರೂ ಚಾರ್ಜಿಂಗ್ ಕಿಂಡಿ ಹಿಂದಿನ ಚಕ್ರದ ಮೇಲ್ಭಾಗದಲ್ಲಿದೆ.
- ಬ್ಯಾಟರಿಯಿಂದ ಹೊರಡುವ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳು ಈ ಭಾಗಗಳಿಗೆ ಹೋಗುತ್ತವೆ. ಅವುಗಳ ಹೊದಿಕೆ ಹರಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ.

ಡಿಕ್ಕಿಯಾದ ತಕ್ಷಣ ಏನು ಮಾಡಬೇಕು?

ಕಾರು ಆಫ್ ಮಾಡಿ, ಹಜಾರ್ಡ್ ದೀಪ ಹಾಕಿ, ಎಲ್ಲರನ್ನೂ ಇಳಿಸಿ. ಯಾರಿಗಾದರೂ ಗಾಯವಾಗಿದ್ದರೆ, ಅಥವಾ ಕಾರಿನಡಿಯಿಂದ ಹೊಗೆ, ಚಟಪಟ ಸದ್ದು, ವಿಚಿತ್ರ ವಾಸನೆ ಬರುತ್ತಿದ್ದರೆ ದೂರ ಹೋಗಿ 112ಕ್ಕೆ ಕರೆ ಮಾಡಿ. ಕಿತ್ತಳೆ ಬಣ್ಣದ ಕೇಬಲ್ ಹೊರಬಂದಿದ್ದರೆ ಮುಟ್ಟಲೇಬೇಡಿ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ 300ರಿಂದ 400 ವೋಲ್ಟ್, ಕೆಲವದರಲ್ಲಿ ಅದಕ್ಕೂ ಹೆಚ್ಚು ವಿದ್ಯುತ್ ಇರುತ್ತದೆ.

ಅಪಾಯ ಇಲ್ಲವೆಂದು ಖಚಿತವಾದ ಮೇಲೆ ಫೋಟೊ ತೆಗೆಯಿರಿ. ಎರಡೂ ವಾಹನಗಳು ನಿಂತ ಸ್ಥಿತಿ, ನಂಬರ್ ಪ್ಲೇಟ್, ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿರುವ ಎಚ್ಚರಿಕೆ ದೀಪಗಳು, ರಸ್ತೆಯ ನೋಟ ಎಲ್ಲವೂ ಇರಲಿ. ಗುದ್ದಿದ ವಾಹನದ ವಿಮೆ ಕಂಪನಿ, ಪಾಲಿಸಿ ಸಂಖ್ಯೆ, ಚಾಲಕರ ಲೈಸೆನ್ಸ್ ವಿವರ ಬರೆದುಕೊಳ್ಳಿ. ಡ್ಯಾಶ್‌ಕ್ಯಾಮ್ ಇದ್ದರೆ ದೃಶ್ಯವನ್ನು ಅಂದೇ ಬೇರೆ ಕಡೆ ಉಳಿಸಿ, ಇಲ್ಲದಿದ್ದರೆ ಹೊಸ ದೃಶ್ಯ ಅದರ ಮೇಲೆ ಬರೆದುಕೊಂಡುಬಿಡುತ್ತದೆ.

ಬೇರೆಯವರಿಗೆ ಗಾಯ ಅಥವಾ ಆಸ್ತಿ ನಷ್ಟ ಆಗಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134 ಚಾಲಕನ ಕರ್ತವ್ಯಗಳನ್ನು ಹೇಳುತ್ತದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ವಿವರ ಕೊಡುವುದು, ಪೊಲೀಸರು ಸ್ಥಳದಲ್ಲಿ ಇಲ್ಲದಿದ್ದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು, ವಿಮೆ ಕಂಪನಿಗೆ ಮಾಹಿತಿ ನೀಡುವುದು ಅದರಲ್ಲಿವೆ.

ಕಾರನ್ನು ಸಾಗಿಸಬೇಕಾದರೆ ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ. ಹಗ್ಗ ಕಟ್ಟಿ ಎಳೆದರೆ ಚಕ್ರದ ಜೊತೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟಿಸುತ್ತದೆ. ಇದರಿಂದ ಎಲೆಕ್ಟ್ರಾನಿಕ್ ಭಾಗಗಳು ಹಾಳಾಗಬಹುದು.

ಲೀಸ್ ಕಾರಿನ ಮಾಲೀಕ ಯಾರು?

ಇಲ್ಲಿಯೇ ಹೆಚ್ಚು ಗೊಂದಲ. ಒಪ್ಪಂದದ ಪ್ರಕಾರ ಕಾರು ಲೀಸ್ ಕಂಪನಿಯ ಸ್ವತ್ತು. ಅದನ್ನು ಎಲ್ಲಿ, ಹೇಗೆ ರಿಪೇರಿ ಮಾಡಿಸಬೇಕು ಎಂಬ ಷರತ್ತೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಲೀಸ್ ಒಪ್ಪಂದವನ್ನು ಆರ್‌ಸಿಯಲ್ಲಿ ನಮೂದಿಸಲು ಕಾಯ್ದೆಯ ಸೆಕ್ಷನ್ 51ರಲ್ಲಿ ಅವಕಾಶವಿದೆ. ಆದರೆ ಅದೇ ಕಾಯ್ದೆಯ ಸೆಕ್ಷನ್ 2(30) ಇನ್ನೊಂದು ಮಾತು ಹೇಳುತ್ತದೆ: ಲೀಸ್‌ನಲ್ಲಿರುವ ವಾಹನದ ವಿಷಯದಲ್ಲಿ, ಆ ಒಪ್ಪಂದದ ಮೇರೆಗೆ ವಾಹನ ಯಾರ ಸ್ವಾಧೀನದಲ್ಲಿದೆಯೋ ಅವರೇ “ಮಾಲೀಕ”. ಹಾಗಾಗಿ “ಕಾರು ಕಂಪನಿಯದ್ದು, ನನಗೇನು” ಎಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಹಾಗೆಯೇ “ಓಡಿಸುವುದು ನಾನು, ನನ್ನಿಷ್ಟ” ಎಂದು ಬೀದಿ ಬದಿಯ ಗ್ಯಾರೇಜಿಗೆ ಬಿಡಲೂ ಆಗುವುದಿಲ್ಲ.

ಪಾಲಿಸಿಯಲ್ಲಿ ಐಎಂಟಿ-6 ಎಂಬ ಷರತ್ತು ಇದೆಯೇ ನೋಡಿ. ಇದು ಲೀಸ್ ವಾಹನಗಳಿಗೆಂದೇ ಇರುವ ಒಕ್ಕಣೆ. ರಿಪೇರಿಯಿಂದ ಸರಿಪಡಿಸಲಾಗದ ನಷ್ಟವಾದರೆ ವಿಮೆಯ ಹಣ ಲೀಸ್ ಕಂಪನಿಗೆ ಹೋಗಬೇಕು ಎನ್ನುವುದು ಅದರ ಸಾರ.

ಆದ್ದರಿಂದ ಡಿಕ್ಕಿಯಾದ ದಿನವೇ ಲೀಸ್ ಕಂಪನಿಗೆ ಇಮೇಲ್ ಅಥವಾ ಆಪ್ ಮೂಲಕ ಲಿಖಿತವಾಗಿ ತಿಳಿಸಿ. ಕಾರು ಉದ್ಯೋಗದ ಕಂಪನಿಯ ಮೂಲಕ ಬಂದಿದ್ದರೆ ಅಲ್ಲಿನ ಎಚ್‌ಆರ್ ವಿಭಾಗಕ್ಕೂ ಪ್ರತಿ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ಮುಂದೆ ಸಾಕ್ಷಿ ಇರುವುದಿಲ್ಲ. ಎಂಜಿ ವಿಂಡ್ಸರ್‌ನಂಥ ಕಾರುಗಳಲ್ಲಿ ಬ್ಯಾಟರಿಯನ್ನಷ್ಟೇ ಬಾಡಿಗೆಗೆ ಪಡೆಯುವ ಯೋಜನೆ 2024ರಿಂದ ಇದೆ. ನಿಮ್ಮದು ಅಂಥದ್ದಾದರೆ ಬ್ಯಾಟರಿಯ ಒಪ್ಪಂದ ಯಾರ ಜೊತೆಗಿದೆಯೋ ಅವರಿಗೂ ತಿಳಿಸಬೇಕು.

ರಸ್ತೆಯಲ್ಲೇ ರಾಜಿ ಯಾಕೆ ಬೇಡ?

ಗುದ್ದಿದವರು ಐದೋ ಹತ್ತೋ ಸಾವಿರ ಕೊಟ್ಟು “ಇಲ್ಲಿಗೆ ಮುಗಿಯಿತು, ಕೇಸು ಬೇಡ” ಎಂದು ಬರೆಸಿಕೊಂಡರೆ ಮೂರು ತೊಂದರೆಗಳಿವೆ. ಒಂದು, ಒಳಗಿನ ಹಾನಿ ಬಂಪರ್ ಬಿಚ್ಚುವವರೆಗೆ ಗೊತ್ತಾಗುವುದಿಲ್ಲ. ಎರಡು, ನಿಮ್ಮ ವಿಮೆ ಕಂಪನಿಗೆ ಗುದ್ದಿದವರಿಂದ ಹಣ ವಸೂಲು ಮಾಡುವ ಹಕ್ಕಿರುತ್ತದೆ. ನಿಮ್ಮ ಸಹಿ ಆ ಹಕ್ಕಿಗೆ ಕುತ್ತು ತಂದರೆ ನಿಮ್ಮ ಕ್ಲೇಮಿಗೇ ಆಕ್ಷೇಪ ಬರಬಹುದು. ಮೂರು, ಲೀಸ್ ಮುಗಿದು ಕಾರು ಹಿಂದಿರುಗಿಸುವಾಗ ತಪಾಸಣೆಯಲ್ಲಿ ಲೋಕಲ್ ಡೆಂಟಿಂಗ್, ಬಣ್ಣದ ವ್ಯತ್ಯಾಸ, ದಾಖಲೆಯಿಲ್ಲದ ಬಿಡಿಭಾಗ ಸಿಕ್ಕರೆ ಅದರ ಹಣವನ್ನು ಕೇಳುವುದು ನಿಮ್ಮನ್ನೇ.

ಯಾರ ವಿಮೆಯಿಂದ ರಿಪೇರಿ?

ಎರಡು ದಾರಿಗಳಿವೆ. ಗುದ್ದಿದ ವಾಹನದ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳಬಹುದು. ಖಾಸಗಿ ಕಾರುಗಳ ಪಾಲಿಸಿಯಲ್ಲಿ ಬೇರೆಯವರ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಆದರೆ ಇದಕ್ಕೆ ಪೊಲೀಸ್ ದಾಖಲೆ ಬೇಕು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, ಸಮಯ ಹಿಡಿಯುತ್ತದೆ.

ಇನ್ನೊಂದು ದಾರಿ, ನಿಮ್ಮ ಕಾರಿನದೇ ಸಮಗ್ರ ವಿಮೆ. ಕಾರು ಬೇಗ ರಸ್ತೆಗಿಳಿಯಬೇಕಾದರೆ ಹೆಚ್ಚಿನವರು ಹಿಡಿಯುವುದು ಇದನ್ನೇ. ಇದರಲ್ಲಿ ಒಂದು ನಷ್ಟವಿದೆ: ತಪ್ಪು ನಿಮ್ಮದಲ್ಲದಿದ್ದರೂ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಇದು ಮೊದಲ ವರ್ಷಕ್ಕೆ ಶೇ 20ರಿಂದ ಆರಂಭವಾಗಿ ಶೇ 50ರವರೆಗೆ ಏರುವ ರಿಯಾಯಿತಿ. ಆ ಬೋನಸ್ ಯಾರ ಹೆಸರಿನಲ್ಲಿದೆ, ಅದರ ನಷ್ಟವನ್ನು ನಿಮ್ಮ ಮೇಲೆ ಹಾಕುತ್ತಾರೆಯೇ ಎಂಬುದನ್ನು ಒಪ್ಪಂದದಲ್ಲಿ ನೋಡಿ.

ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟು?

ಸಾಮಾನ್ಯ ಪಾಲಿಸಿ ಹೊಸ ಭಾಗದ ಪೂರ್ತಿ ಬೆಲೆ ಕೊಡುವುದಿಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ ಲೆಕ್ಕ: ಆರು ತಿಂಗಳವರೆಗೆ ಕಡಿತವಿಲ್ಲ, ಒಂದು ವರ್ಷದಿಂದ ಎರಡು ವರ್ಷದ ಕಾರಿಗೆ ಶೇ 10, ಎರಡರಿಂದ ಮೂರಕ್ಕೆ ಶೇ 15.

ಒಂದು ಉದಾಹರಣೆ ನೋಡಿ. ಒಂದೂವರೆ ವರ್ಷದ ಕಾರಿಗೆ 20,000 ರೂಪಾಯಿಯ ಪ್ಲಾಸ್ಟಿಕ್ ಬಂಪರ್, 40,000 ರೂಪಾಯಿಯ ಲೋಹದ ಹಿಂಬಾಗಿಲು, 12,000 ರೂಪಾಯಿಯ ಪೇಂಟಿಂಗ್ ಎಂದುಕೊಳ್ಳಿ. ಬಂಪರಿನಲ್ಲಿ 10,000, ಬಾಗಿಲಿನಲ್ಲಿ 4,000 ಕಡಿತ. ಪೇಂಟಿಂಗ್ ಬಿಲ್ಲಿನ ಕಾಲುಭಾಗವನ್ನು ಬಣ್ಣದ ಬೆಲೆಯೆಂದು ಹಿಡಿದು ಅದರಲ್ಲಿ ಅರ್ಧ, ಅಂದರೆ 1,500 ಕಡಿತ. ಒಟ್ಟು 15,500 ರೂಪಾಯಿ, ಅದರ ಮೇಲೆ ಪಾಲಿಸಿಯ ಕಡ್ಡಾಯ ಕಡಿತ. “ಜೀರೋ ಡೆಪ್ರಿಸಿಯೇಷನ್” ಸೇರಿಸಿದ ಪಾಲಿಸಿಯಾದರೆ ಈ ಸವಕಳಿಯ ಹೊರೆ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಬ್ಯಾಟರಿಯ ವಿಷಯದಲ್ಲಿ ಎಚ್ಚರ ಬೇಕು. ಸಾಮಾನ್ಯ ಪಾಲಿಸಿಯ ಒಕ್ಕಣೆಯಲ್ಲಿ ಬ್ಯಾಟರಿಗೂ ಶೇ 50 ಸವಕಳಿ ಎಂದಿರುತ್ತದೆ. ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿಗೆ ಪ್ರತ್ಯೇಕ ರಕ್ಷಣೆ ಸೇರಿಸಿದ್ದಾರೆಯೇ ಎಂದು ಇವತ್ತೇ ಲೀಸ್ ಕಂಪನಿಯನ್ನು ಕೇಳಿ. ನಿಮ್ಮ ಜೇಬಿಗೆ ನಿಜವಾಗಿ ಸಂಬಂಧಪಟ್ಟ ಪ್ರಶ್ನೆ ಇದೊಂದೇ.

ವರ್ಕ್‌ಶಾಪಿನಲ್ಲಿ ಏನು ಕೇಳಬೇಕು?

ವಿಮೆ ಕಂಪನಿಯ ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚಿಸಬೇಡಿ. ಲೀಸ್ ಕಂಪನಿ ಒಪ್ಪಿದ, ಕಾರು ತಯಾರಕರ ಅಧಿಕೃತ ವರ್ಕ್‌ಶಾಪಿಗೇ ಕೊಡಿ. ನಂತರ ಇವನ್ನು ಕೇಳಿ:

- ಬ್ಯಾಟರಿಯನ್ನು ನಿಯಂತ್ರಿಸುವ ವ್ಯವಸ್ಥೆಯ ದೋಷ ಸಂಕೇತಗಳ ವರದಿ, ರಿಪೇರಿಗೆ ಮುನ್ನ ಮತ್ತು ನಂತರ.
- ಇನ್ಸುಲೇಷನ್ ಪರೀಕ್ಷೆಯ ಫಲಿತಾಂಶ. ವಿದ್ಯುತ್ ಕಾರಿನ ದೇಹಕ್ಕೆ ಸೋರುತ್ತಿಲ್ಲ ಎಂಬುದನ್ನು ಹೇಳುವುದು ಇದೇ.
- ಬ್ಯಾಟರಿ ಪೆಟ್ಟಿಗೆ ಮತ್ತು ತಳಭಾಗದ ಫೋಟೊಗಳು.
- ಸೆನ್ಸರ್, ಕ್ಯಾಮೆರಾ, ರಾಡಾರ್‌ಗಳನ್ನು ಮತ್ತೆ ಹೊಂದಿಸಿದ ದಾಖಲೆ.
- ಪೇಂಟ್ ಒಣಗಿಸುವಾಗ ತಯಾರಕರು ಹೇಳಿದ ಶಾಖದ ಮಿತಿ ಪಾಲಿಸಿದ್ದಾರೆಯೇ ಎಂಬ ಮಾಹಿತಿ. ಪೇಂಟ್ ಬೂತ್‌ನಲ್ಲಿ ಶಾಖ ಸುಮಾರು 60 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಹೆಚ್ಚು ಹೊತ್ತಿನ ಬಿಸಿ ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ.

ಬ್ಯಾಟರಿಗೆ ಜೋರಾದ ಪೆಟ್ಟು ಬಿದ್ದ ಅನುಮಾನವಿದ್ದರೆ ಕಾರನ್ನು ಮನೆಯ ಬೇಸ್‌ಮೆಂಟಿನಲ್ಲಿ ನಿಲ್ಲಿಸಬೇಡಿ, ಚಾರ್ಜ್‌ಗೂ ಹಾಕಬೇಡಿ. ಜಖಂ ಆದ ಲಿಥಿಯಂ ಕೋಶ ಗಂಟೆಗಳ, ಕೆಲವೊಮ್ಮೆ ದಿನಗಳ ನಂತರವೂ ಬಿಸಿಯೇರಬಹುದು. ಇಂಥ ವಾಹನವನ್ನು ಕಟ್ಟಡಗಳಿಂದ, ಬೇರೆ ವಾಹನಗಳಿಂದ 50 ಅಡಿ ದೂರದಲ್ಲಿ, ಬಯಲಿನಲ್ಲಿ ನಿಲ್ಲಿಸಬೇಕೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಮಾರ್ಗದರ್ಶಿ ಹೇಳುತ್ತದೆ.

ಬ್ಯಾಟರಿ ನಿಜಕ್ಕೂ ಹೋದರೆ?

ಎಲೆಕ್ಟ್ರಿಕ್ ಕಾರಿನ ಬೆಲೆಯಲ್ಲಿ ಬ್ಯಾಟರಿಯ ಪಾಲು ದೊಡ್ಡದು. ಆದ್ದರಿಂದ ಅದನ್ನು ಬದಲಿಸಬೇಕಾದರೆ ರಿಪೇರಿ ವೆಚ್ಚ ಬೇಗ ಏರುತ್ತದೆ. ವೆಚ್ಚ ಕಾರಿನ ವಿಮಾ ಮೌಲ್ಯದ, ಅಂದರೆ ಐಡಿವಿಯ ಶೇ 75 ದಾಟಿದರೆ ಅದನ್ನು “ಟೋಟಲ್ ಲಾಸ್” ಎಂದು ಪರಿಗಣಿಸುತ್ತಾರೆ. ಆಗ ಹಣ ಲೀಸ್ ಕಂಪನಿಗೆ ಹೋಗುತ್ತದೆ. ಐಡಿವಿ ವರ್ಷ ವರ್ಷ ಇಳಿಯುವುದರಿಂದ ಅದು ಲೀಸಿನ ಬಾಕಿಗಿಂತ ಕಡಿಮೆಯಾಗಿರಬಹುದು. ಆ ಅಂತರ ಯಾರ ಪಾಲಿಗೆ ಎಂಬುದು ಒಪ್ಪಂದದಲ್ಲಿರುತ್ತದೆ. “ರಿಟರ್ನ್ ಟು ಇನ್‌ವಾಯ್ಸ್” ಎಂಬ ಹೆಚ್ಚುವರಿ ರಕ್ಷಣೆ ಇರುವುದು ಈ ಅಂತರಕ್ಕಾಗಿಯೇ.

ಇನ್ನೊಂದು ವಿಷಯ, ಕಾರು ವರ್ಕ್‌ಶಾಪಿನಲ್ಲಿದೆ ಎಂದು ಲೀಸಿನ ಕಂತು ತಾನಾಗಿ ನಿಲ್ಲುವುದಿಲ್ಲ. ಬದಲಿ ಕಾರಿನ ಸೌಲಭ್ಯ ಇದೆಯೇ ಎಂದು ಕೇಳಿ, ಕಂತು ಮಾತ್ರ ತಪ್ಪಿಸಬೇಡಿ.

ಇನ್ನೆರಡು ನಂಬಿಕೆಗಳು

“ಹಿಂದಿನಿಂದ ಗುದ್ದಿದವನದೇ ಯಾವಾಗಲೂ ತಪ್ಪು.” ಹೆಚ್ಚಿನ ಸಲ ಹೌದು. ಮುಂದಿನ ವಾಹನದಿಂದ ಸಾಕಷ್ಟು ಅಂತರ ಇಟ್ಟುಕೊಳ್ಳಬೇಕೆಂದು 2017ರ ಚಾಲನಾ ನಿಯಮಗಳು ಹೇಳುತ್ತವೆ. ಆದರೆ ಮುಂದಿನ ಕಾರು ರಿವರ್ಸ್ ಬಂದಿದ್ದರೆ, ಥಟ್ಟನೆ ಅಡ್ಡ ನುಗ್ಗಿದ್ದರೆ, ಬ್ರೇಕ್ ದೀಪ ಕೆಟ್ಟಿದ್ದರೆ ತಪ್ಪು ಹಂಚಿಕೆಯಾಗಬಹುದು.

“ಇವಿಗಳಲ್ಲಿ ಆಕ್ಸಿಲರೇಟರ್ ಬಿಟ್ಟರೆ ಬ್ರೇಕ್ ದೀಪವೇ ಹೊತ್ತುವುದಿಲ್ಲ.” ಇದು ಅರ್ಧ ಸತ್ಯ. ವಿಶ್ವಸಂಸ್ಥೆಯ ನಿಯಮ 13-ಎಚ್ ಪ್ರಕಾರ ಮೋಟಾರಿನಿಂದಾಗುವ ನಿಧಾನಗತಿ ಒಂದು ಮಿತಿ ದಾಟಿದರೆ, ಅಂದರೆ ವೇಗ ಪ್ರತಿ ಸೆಕೆಂಡಿಗೆ ಗಂಟೆಗೆ ಸುಮಾರು 4.7 ಕಿ.ಮೀ.ಗಿಂತ ಹೆಚ್ಚು ಇಳಿದರೆ, ದೀಪ ಹೊತ್ತಲೇಬೇಕು. ಮೆಲ್ಲಗೆ ನಿಧಾನವಾದರೆ ಹೊತ್ತದೇ ಇರಬಹುದು.

ಕೊನೆಗೆ

ಲೀಸ್ ಕಾರಿನ ರಿಪೇರಿ ನಿರ್ಧಾರ ನಿಮ್ಮೊಬ್ಬರದಲ್ಲ, ಆದರೆ ದಾಖಲೆ ಕಾಪಾಡುವುದು ನಿಮ್ಮ ಕೈಯಲ್ಲೇ ಇದೆ. ಅಂದೇ ಲಿಖಿತ ಮಾಹಿತಿ, ಸರ್ವೇಯರ್ ವರದಿ, ಬ್ಯಾಟರಿ ಪರೀಕ್ಷೆಯ ವರದಿ, ಕೊನೆಯ ಬಿಲ್ಲು, ಈ ನಾಲ್ಕನ್ನು ಕಾರು ಹಿಂದಿರುಗಿಸುವ ದಿನದವರೆಗೆ ಇಟ್ಟುಕೊಳ್ಳಿ. ವಿಮೆ ಕಂಪನಿ ವಿನಾಕಾರಣ ಸತಾಯಿಸಿದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ ಬಗೆಹರಿಯದಿದ್ದರೆ ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರು ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬಹುದು.

ಮುಂದಿನ ಸಲ “ಬ್ಯಾಟರಿ ಹೋಯಿತು, ಮನೆ ಮಾರಬೇಕು” ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಪಾಲಿಸಿಯನ್ನೂ ಲೀಸ್ ಒಪ್ಪಂದವನ್ನೂ ಒಮ್ಮೆ ತೆರೆದು ಓದಿ.